ಗ್ರಂಥಾಲಯ ಮಂತ್ರಿಯ ಬೀಗದ ಕೈ

ಕಳೆದ ಜೂನ್ ತಿಂಗಳ ಕಡೆಯ ವಾರದಲ್ಲಿ ಯಲಹಂಕದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯವರು ತಮ್ಮ ಶಾಲಾ ಸಂಸತ್ತಿನ ಚುನಾವಣೆಯನ್ನು ನೋಡಿಹೋಗಬೇಕೆಂದು ನನ್ನನ್ನು ಕರೆದಿದ್ದರು. ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು. ವರಾಂಡದಲ್ಲಿ ಎರಡು ಬೆಂಚುಗಳನ್ನು ಅಡ್ಡವಿರಿಸಿ ಮತಗಟ್ಟೆಯನ್ನು ರಚಿಸಿದ್ದರು. ಏಳನೆಯ ತರಗತಿಯ ಮಕ್ಕಳೇ ಅಧಿಕಾರಿಗಳಾಗಿ ಕುಳಿತು, ಪಟ್ಟಿಯಲ್ಲಿ ಹೆಸರನ್ನು ಹುಡುಕಿ ಗೀಟು ಹಾಕಿ, ಎಡಗೈಯ ಬೆರಳಿಗೆ ಶಾಯಿಯ ಗುರುತಿಟ್ಟು, ಒಬ್ಬೊಬ್ಬರನ್ನಾಗಿ ಒಳಕ್ಕೆ ಬಿಡುತ್ತಿದ್ದರು. ಒಳಗೆ ಮೇಷ್ಟರ ಮೊಬೈಲ್ ಫೋನೇ ಮತಯಂತ್ರ. ನಾಲ್ಕನೆಯ ತರಗತಿಯ ಮಗುವೊಂದು ತನ್ನ ಬೆರಳಿನ ಶಾಯಿ ಅಳಿಸಿಹೋಗದಿರಲೆಂದು ಕೈಯನ್ನು ಮಳೆಗೆ ಮರೆಮಾಡಿಕೊಂಡು ಅಂಗಳವನ್ನು ದಾಟಿದ ದೃಶ್ಯ ಇನ್ನೂ ನನ್ನ ಕಣ್ಣಿನಲ್ಲಿದೆ. ಊಟದ ಬಿಡುವಿನ ಹೊತ್ತಿಗೆ ಫಲಿತಾಂಶ ಪ್ರಕಟವಾಯಿತು. ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಗ್ರಂಥಾಲಯ ಮಂತ್ರಿ ಇವರೆಲ್ಲರೂ ಸಾಲಾಗಿ ನಿಂತು ಪ್ರಮಾಣವಚನವನ್ನು ಸ್ವೀಕರಿಸಿದರು.

ಗ್ರಂಥಾಲಯ ಮಂತ್ರಿಯಾಗಿ ಆರಿಸಿಬಂದಿದ್ದವಳು ಏಳನೆಯ ತರಗತಿಯ ಹುಡುಗಿ. ಅವಳನ್ನು ಪಕ್ಕಕ್ಕೆ ಕರೆದು, "ನಿನ್ನ ಕೆಲಸ ಏನಮ್ಮಾ?" ಎಂದು ಕೇಳಿದೆ.

"ಗ್ರಂಥಾಲಯ ನೋಡ್ಕೊಳ್ಳೋದು ಸಾರ್."

"ಹಾಗಾದರೆ ಬೀರುವಿನ ಬೀಗದ ಕೈ ನಿನ್ನ ಹತ್ತಿರ ಇರುತ್ತೆ?"

"ಇಲ್ಲ ಸಾರ್, ಅದು ಹೆಡ್‌ಮಿಸ್ ಹತ್ರಾನೇ ಇರುತ್ತೆ. ಪುಸ್ತಕ ಕಳೆದೋದ್ರೆ ಅವ್ರೇ ದುಡ್ಡು ಕಟ್ಟಬೇಕಂತೆ."

ಆ ಮುಖ್ಯೋಪಾಧ್ಯಾಯಿನಿಯವರ ಮೇಲೆ ನಾನು ದೋಷವನ್ನು ಹೊರಿಸಲಾರೆ. ದಾಸ್ತಾನು ಪುಸ್ತಕದಲ್ಲಿ ಸಹಿ ಅವರದು. ತಪಾಸಣೆಗೆ ಬಂದವರು ಲೆಕ್ಕ ಕೇಳುವುದು ಅವರನ್ನೇ ಹೊರತು ಹನ್ನೆರಡು ವರ್ಷದ ಮಂತ್ರಿಯನ್ನಲ್ಲ. ಆದರೂ ಮಕ್ಕಳಿಗೆ ನಾಯಕತ್ವವನ್ನೂ ಜೀವನ ಕೌಶಲವನ್ನೂ ಕಲಿಸಬೇಕೆಂದು ಇಂದು ಎಲ್ಲೆಲ್ಲಿಯೂ ನಡೆಯುತ್ತಿರತಕ್ಕ ಚರ್ಚೆಯ ತಿರುಳೆಲ್ಲವೂ ಆ ಹುಡುಗಿಯ ಒಂದು ಉತ್ತರದಲ್ಲಿ ಅಡಗಿದೆಯೆಂದು ನನಗೆ ಅಂದಿನಿಂದಲೂ ತೋರುತ್ತಿದೆ. ಪದವಿಯನ್ನು ನಾವು ಮಗುವಿಗೆ ಕೊಟ್ಟಿದ್ದೇವೆ, ಪ್ರಮಾಣವಚನವನ್ನು ಬೋಧಿಸಿದ್ದೇವೆ, ಬೀಗದ ಕೈಯನ್ನು ಮಾತ್ರ ಕೊಟ್ಟಿಲ್ಲ.

ಹೆಬ್ಬಾಳದಿಂದ ಯಲಹಂಕ ಉಪನಗರದವರೆಗೆ, ಆರ್.ಟಿ. ನಗರದಿಂದ ಯಶವಂತಪುರದವರೆಗೆ, ಬೇಸಗೆಯ ರಜೆ ಸಮೀಪಿಸಿತೆಂದರೆ ವ್ಯಕ್ತಿತ್ವ ವಿಕಸನದ ಶಿಬಿರಗಳ ಫಲಕಗಳು ಕಂಬಕಂಬಕ್ಕೂ ಏರುತ್ತವೆ. ಸಭಾಕಂಪವನ್ನು ಬಿಡಿಸುವೆವು, ಮಾತುಗಾರಿಕೆಯನ್ನು ಕಲಿಸುವೆವು, ನಿಮ್ಮ ಮಗುವನ್ನು ನಾಳಿನ ನಾಯಕನನ್ನಾಗಿ ಮಾಡುವೆವು ಎಂಬುದು ಅವುಗಳ ಆಶ್ವಾಸನೆ. ತಾವು ಸಭೆಯಲ್ಲಿ ಬಾಯಿ ಬಿಡಲಾರದೆ ಹಿಂದೆ ಕುಳಿತ ತಂದೆತಾಯಿಗಳು ತಮ್ಮ ಮಕ್ಕಳಿಗೆ ಆ ಸಂಕಟ ಬಾರದಿರಲೆಂದು ಹಣವನ್ನು ಹೊಂದಿಸಿ ಕಳುಹಿಸುತ್ತಾರೆ; ಆ ಹಂಬಲ ಪೂಜ್ಯವಾದದ್ದು. ಆದರೆ ಈ ಶಿಬಿರಗಳಲ್ಲಿ ಅನೇಕವು ನಿರರ್ಗಳವಾದ ಮಾತನ್ನೇ, ಅದರಲ್ಲಿಯೂ ಇಂಗ್ಲಿಷ್ ಮಾತನ್ನೇ, ನಾಯಕತ್ವವೆಂದು ಭ್ರಮಿಸಿವೆ. ಅಲ್ಲದೆ, ಸಹಪಾಠಿಗಳಿಲ್ಲದ ಕಡೆ, ನಿಜವಾದ ಕಾರ್ಯಭಾರವೊಂದಿಲ್ಲದ ಕಡೆ, ಹತ್ತು ದಿನಗಳಲ್ಲಿ ಒಂಟಿ ಮಗುವಿಗೆ ಕಲಿಸಿಕೊಡುವ ನಾಯಕತ್ವವು ನೀರಿಲ್ಲದ ಕಡೆ ಈಜನ್ನು ಕಲಿಸಿದಂತೆಯೇ ಸರಿ.

ಜೀವನ ಕೌಶಲವೆಂಬ ಪದವು ಶಾಲೆಗಳಲ್ಲಿ ಬಳಕೆಗೆ ಬಂದ ಬಗೆಯನ್ನು ಸ್ವಲ್ಪ ನೋಡೋಣ. 1990ರ ದಶಕದ ಆದಿಭಾಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಾಲಾಮಕ್ಕಳಿಗೆ ಅಗತ್ಯವಾದ ಹತ್ತು ಕೌಶಲಗಳನ್ನು ಗುರುತಿಸಿ ಪ್ರಕಟಿಸಿತು: ತನ್ನನ್ನು ತಾನು ಅರಿಯುವುದು, ಪರರ ಸ್ಥಿತಿಯಲ್ಲಿ ತನ್ನನ್ನಿಟ್ಟು ನೋಡುವುದು, ವಿಚಾರವನ್ನು ಸ್ಫುಟವಾಗಿ ವಿನಿಮಯಮಾಡುವುದು, ಸಂಬಂಧಗಳನ್ನು ಕಾಪಾಡಿಕೊಳ್ಳುವುದು, ನಿರ್ಧಾರವನ್ನು ಕೈಗೊಳ್ಳುವುದು, ಸಮಸ್ಯೆಯನ್ನು ಬಿಡಿಸುವುದು, ವಿಮರ್ಶೆಯಿಂದ ಯೋಚಿಸುವುದು, ಹೊಸದಾಗಿ ಯೋಚಿಸುವುದು, ಭಾವೋದ್ವೇಗವನ್ನು ತಾಳಿಕೊಳ್ಳುವುದು, ಒತ್ತಡವನ್ನು ನಿಭಾಯಿಸುವುದು. ಇದನ್ನು ಹೇಳಿದ್ದು ಆರೋಗ್ಯದ ಸಂಸ್ಥೆಯೇ ಹೊರತು ವ್ಯಾಪಾರದ ಸಂಸ್ಥೆಯಲ್ಲವೆಂಬುದು ಗಮನಿಸತಕ್ಕ ಸಂಗತಿ. ಏತಕ್ಕೆಂದರೆ, ತಂಬಾಕು ಕೆಟ್ಟದ್ದೆಂದು ಅರಿಯದ ಹುಡುಗನಾರೂ ಇಲ್ಲ. ಆದರೂ ಶಾಲೆಯ ಹಿಂದಿನ ಪೆಟ್ಟಿಗೆ ಅಂಗಡಿಯ ಬಳಿ ಪ್ರಾಣಸ್ನೇಹಿತನೇ ಒಂದು ಪೊಟ್ಟಣವನ್ನು ಮುಂದೆ ಹಿಡಿದಾಗ, ಸ್ನೇಹವನ್ನು ಮುರಿಯದೆ "ಬೇಡ ಕಣೋ" ಎಂದು ಹೇಳುವ ಬಗೆ ಅವನಿಗೆ ತಿಳಿಯದು. ತಿಳಿವಳಿಕೆಗೂ ನಡೆವಳಿಕೆಗೂ ನಡುವಿರುವ ಈ ಕಂದರವನ್ನು ಯಾವ ಪಠ್ಯಪುಸ್ತಕವೂ ತುಂಬಲಾರದು. ಅದನ್ನು ದಾಟಿಸತಕ್ಕ ಅಭ್ಯಾಸಕ್ಕೆ ಇಟ್ಟ ಹೆಸರೇ ಜೀವನ ಕೌಶಲ.

ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯ ವೈದ್ಯರಾಗಿದ್ದ ಡಾ. ಶ್ರೀಕಲಾ ಭರತ್ ಅವರೂ ಕೆ.ವಿ. ಕಿಶೋರ್ ಕುಮಾರ್ ಅವರೂ ಈ ಹತ್ತು ಕೌಶಲಗಳನ್ನು ಕರ್ನಾಟಕದ ಪ್ರೌಢಶಾಲೆಗಳಿಗೆ ಇಳಿಸಿದರು. ಅವರ ಕ್ರಮದಲ್ಲಿ ಹೊರಗಿನ ಪರಿಣತರು ಬಂದು ಉಪನ್ಯಾಸ ಮಾಡುವುದಿಲ್ಲ. ಅದೇ ಶಾಲೆಯ ಉಪಾಧ್ಯಾಯರೇ ತರಬೇತಿ ಪಡೆದು, ಆಟ, ಚರ್ಚೆ, ಗುಂಪಿನ ಚಟುವಟಿಕೆಗಳ ಮೂಲಕ ವರ್ಷವಿಡೀ ನಡೆಸುತ್ತಾರೆ. ಫಲವೇನಾಯಿತೆಂಬುದನ್ನು ಅವರು ಅಳೆದೂ ನೋಡಿದರು: ಕಾರ್ಯಕ್ರಮವಿದ್ದ ಎರಡು ಪ್ರೌಢಶಾಲೆಗಳ 605 ಮಕ್ಕಳನ್ನು, ಕಾರ್ಯಕ್ರಮವಿಲ್ಲದ ನೆರೆಶಾಲೆಗಳ 423 ಮಕ್ಕಳೊಡನೆ ಒಂದು ವರ್ಷದ ತರುವಾಯ ಹೋಲಿಸಿ, 2010ರಲ್ಲಿ ಫಲಿತವನ್ನು ಪ್ರಕಟಿಸಿದರು. ಮೊದಲನೆಯ ಗುಂಪಿನ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಾಗಿತ್ತು. ಕಷ್ಟವನ್ನು ಎದುರಿಸಬಲ್ಲೆವೆಂಬ ಧೈರ್ಯವಿತ್ತು. ಶಾಲೆಯೊಡನೆಯೂ ಉಪಾಧ್ಯಾಯರೊಡನೆಯೂ ಹೊಂದಾಣಿಕೆ ಉತ್ತಮವಾಗಿತ್ತು. ಪರೋಪಕಾರದ ನಡತೆ ವೃದ್ಧಿಯಾಗಿತ್ತು. ಆದರೆ ಮನೆಯವರೊಡನೆ ಮತ್ತು ಓರಗೆಯವರೊಡನೆ ಹೊಂದಾಣಿಕೆಯ ವಿಷಯದಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ಅಂತರ ಕಂಡುಬರಲಿಲ್ಲ.

ಈ ಕಡೆಯ ಫಲಿತವನ್ನು ಸಂಶೋಧಕರು ಮುಚ್ಚಿಡದೆ ಹೇಳಿದ್ದಾರೆ; ನನಗೆ ಉಳಿದೆಲ್ಲಕ್ಕಿಂತ ಇದೇ ಹೆಚ್ಚು ಬೋಧಪ್ರದವಾಗಿ ಕಂಡಿತು. ಉಪಾಧ್ಯಾಯರು ಬದಲಾದ ಕಡೆ ಮಗುವಿನ ಸಂಬಂಧವೂ ಬದಲಾಯಿತು. ಮನೆಯಲ್ಲಿ ಯಾರೂ ಬದಲಾಗಿರಲಿಲ್ಲವಷ್ಟೆ! ಇದು ನನ್ನ ವ್ಯಾಖ್ಯಾನ. ಆದರೆ ಮಗ ಶಾಲೆಯಿಂದ "ನನಗೆ ಹೀಗನ್ನಿಸುತ್ತದೆ ಅಪ್ಪಾ" ಎಂದು ಹೇಳಲು ಕಲಿತು ಬಂದರೂ, "ನಿನ್ನನ್ನ ಯಾರು ಕೇಳಿದರು, ಸುಮ್ಮನೆ ಕೂತ್ಕೊ" ಎಂಬ ಪ್ರತ್ಯುತ್ತರ ಸಿದ್ಧವಾಗಿರುವ ಮನೆಗಳಲ್ಲಿ ಕೌಶಲಕ್ಕೆ ನೆಲೆಯೆಲ್ಲಿ? ಕೇಳಿಸಿಕೊಳ್ಳುವವರಿಲ್ಲದೆ ಮಾತನಾಡುವ ಕಲೆ ಬೆಳೆಯದು. ನಿರ್ಧಾರವನ್ನು ಬಿಟ್ಟುಕೊಡುವ ಹಿರಿಯರಿಲ್ಲದೆ ನಿರ್ಧರಿಸುವ ಶಕ್ತಿಯೂ ಬಾರದು.

ಶಾಲೆಯೊಳಗಾದರೂ ನಾವು ಮಕ್ಕಳಿಗೆ ಕೊಡುವ ನಾಯಕತ್ವದ ಪ್ರಥಮ ಪಾಠವಾವುದು? ಈ ಅಂಕಣವನ್ನು ಓದುತ್ತಿರುವವರೆಲ್ಲರಿಗೂ ಅದು ನೆನಪಿದ್ದೀತು. ಮೇಷ್ಟರು ಆಫೀಸಿಗೆ ಹೋಗುವಾಗ ಕ್ಲಾಸ್ ಲೀಡರನ್ನು ಕರೆದು, "ಮಾತಾಡಿದೋರ ಹೆಸರು ಬರಿ" ಎಂದು ಸೀಮೆಸುಣ್ಣವನ್ನು ಕೈಗಿತ್ತು ಹೋಗುತ್ತಿದ್ದರು. ಲೀಡರು ಕರಿಹಲಗೆಯ ಮೇಲೆ ಹೆಸರುಗಳನ್ನು ಬರೆಯುತ್ತಿದ್ದನು. ಆಗದವನ ಹೆಸರಿನ ಮುಂದೆ ಗುಣಾಕಾರದ ಚಿಹ್ನೆಗಳು ಬೆಳೆಯುತ್ತಿದ್ದವು. ಆಪ್ತನ ಹೆಸರು ಮೇಷ್ಟರ ಹೆಜ್ಜೆಯ ಸಪ್ಪಳಕ್ಕೆ ಸರಿಯಾಗಿ ಅಳಿಸಿಹೋಗುತ್ತಿತ್ತು. ನಾಯಕನಾಗುವುದೆಂದರೆ ಜೊತೆಯವರ ಮೇಲೆ ದೂರು ಹೇಳುವ ಅಧಿಕಾರವನ್ನು ಪಡೆಯುವುದೆಂದು, ಹೇಳದೆಯೇ, ನಾವು ಎಂಟು ವರ್ಷದ ಮಗುವಿಗೆ ಕಲಿಸಿಬಿಟ್ಟಿದ್ದೇವೆ. ದೊಡ್ಡವರಾದ ಮೇಲೆ ಕಚೇರಿಗಳಲ್ಲಿಯೂ ಸಂಘಗಳಲ್ಲಿಯೂ ಈ ಪಾಠವನ್ನು ನಾವು ಮರೆತಂತೆ ಕಾಣುವುದಿಲ್ಲ.

ಜೊತೆಯವರ ಮೇಲೆ ದೂರು ಹೇಳುವ ಈ ನಾಯಕತ್ವವು ನಮ್ಮ ನೆಲದ ಹಳೆಯ ಪದ್ಧತಿಯಲ್ಲ. ನಾನು ದಿನವೂ ದಾಟುವ ಬಳ್ಳಾರಿ ರಸ್ತೆಯ ಆ ತುದಿಯಲ್ಲಿ, ಬಳ್ಳಾರಿಯಲ್ಲಿ, ಇನ್ನೂರು ವರ್ಷಗಳ ಹಿಂದೆ ಎ.ಡಿ. ಕ್ಯಾಂಪ್‌ಬೆಲ್ ಎಂಬ ಕಲೆಕ್ಟರನಿದ್ದನು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಊರೂರ ಶಾಲೆಗಳ ವಿವರವನ್ನು ಕೇಳಿದಾಗ, ಈತನು 1823ರಲ್ಲಿ ತನ್ನ ಜಿಲ್ಲೆಯಲ್ಲಿ 533 ಶಾಲೆಗಳಿರುವುದಾಗಿ ಬರೆದು, ಅಲ್ಲಿ ಮುಂದುವರಿದ ವಿದ್ಯಾರ್ಥಿಗಳು ಹಿಂದುಳಿದವರಿಗೆ ಪಾಠ ಹೇಳಿಕೊಟ್ಟು, ಆ ಮೂಲಕವೇ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಏರ್ಪಾಡು ಶ್ಲಾಘ್ಯವಾದದ್ದೆಂದೂ ಇಂಗ್ಲೆಂಡಿನವರು ಅದನ್ನು ಅನುಕರಿಸಿದ್ದು ಯುಕ್ತವೆಂದೂ ಅಭಿಪ್ರಾಯಪಟ್ಟನು. ಅನುಕರಣವೆಂದು ಅವನು ಹೇಳಿದ್ದು ಆಂಡ್ರೂ ಬೆಲ್ಲನ ಪದ್ಧತಿಯನ್ನು ಕುರಿತು; ಬೆಲ್ಲನು ಮದರಾಸಿನ ಎಗ್ಮೂರಿನ ಅನಾಥಾಲಯದಲ್ಲಿ ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದ್ದನು. ಆ ಕ್ರಮದಲ್ಲಿ ಪಾಠ ಹೇಳಿಕೊಡುವ ಹುಡುಗನಿಗೆ ಇಂಗ್ಲಿಷರು ಇಟ್ಟ ಹೆಸರು ಮಾನಿಟರ್. ನಮ್ಮ ಕೂಲಿಮಠಗಳಲ್ಲಿ ಹಿರಿಯ ಹುಡುಗನು ಕಿರಿಯನ ಬೆರಳನ್ನು ಹಿಡಿದು ಮರಳಿನ ಮೇಲೆ ಅಕ್ಷರವನ್ನು ತಿದ್ದಿಸುತ್ತಿದ್ದನಲ್ಲ, ಆ ಕಾರ್ಯವೇ ಮಾನಿಟರನ ಮೂಲಕಾರ್ಯ. ಕ್ಲಾಸ್ ಲೀಡರಿಗೆ ಮಾನಿಟರೆಂಬ ಹೆಸರು ಉಳಿಯಿತು, ಕಾರ್ಯ ಹೋಯಿತು. ಅಂದಿನ ಶಾಲೆಗಳನ್ನು ನಾನು ಆದರ್ಶವೆಂದು ಹೇಳುತ್ತಿಲ್ಲ. ಹೆಣ್ಣುಮಕ್ಕಳು ಅಲ್ಲಿ ವಿರಳ, ತೀರ ಕೆಳಗಿಟ್ಟ ಜಾತಿಗಳ ಮಕ್ಕಳಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಆದರೆ ಮುಂದಿರುವವನು ಹಿಂದಿರುವವನ ಕೈಹಿಡಿಯಬೇಕೆಂಬ ಆ ಒಂದು ತತ್ತ್ವವನ್ನಾದರೂ ಎಲ್ಲ ಮಕ್ಕಳಿಗಾಗಿ ಮರಳಿ ತರಬಹುದು.

ಮಕ್ಕಳ ಕೈಗೆ ನಿಜವಾದ ಬೀಗದ ಕೈಯನ್ನು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವುಂಟು. ಬೆಂಗಳೂರಿನ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಎಂಬ ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳು ಭೀಮಸಂಘವೆಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದರು. 1990ರ ದಶಕದ ನಡುಭಾಗದಲ್ಲಿ ಕುಂದಾಪುರದ ಸೀಮೆಯ ಕೆಲವು ಗ್ರಾಮಗಳಲ್ಲಿ ಅವರ ಮುಂದಾಳುತನದಿಂದ ಮಕ್ಕಳ ಪಂಚಾಯತಿಗಳು ಏರ್ಪಟ್ಟವು. ಮಕ್ಕಳೇ ಮತ ಹಾಕಿ ಮಕ್ಕಳನ್ನು ಆರಿಸಿದರು. ದೊಡ್ಡವರ ಪೈಕಿ ತಮಗೆ ನಂಬಿಕೆಯುಳ್ಳವರೊಬ್ಬರನ್ನು ಮಕ್ಕಳ ಮಿತ್ರರೆಂದು ತಾವೇ ಆಯ್ದುಕೊಂಡರು. ಶಾಲೆಗೆ ಹೋಗುವ ಮಕ್ಕಳಷ್ಟೇ ಅಲ್ಲ, ದನ ಕಾಯುವ, ಮನೆಗೆಲಸ ಮಾಡುವ ಮಕ್ಕಳಿಗೂ ಅಲ್ಲಿ ಸ್ಥಾನವಿತ್ತು. ಅವರು ಊರನ್ನು ಮನೆಮನೆಯಾಗಿ ತಿರುಗಿ, ನಕ್ಷೆ ಬರೆದು, ಲೆಕ್ಕ ತೆಗೆದು, ದೊಡ್ಡವರ ಪಂಚಾಯತಿಯ ಮುಂದಿರಿಸಿದರು. ಅವರು ಎತ್ತಿದ ಬೇಡಿಕೆಗಳಲ್ಲಿ ಮುಖ್ಯವಾದದ್ದು ಕಾಲುಸಂಕ, ಎಂದರೆ ಹಳ್ಳವನ್ನು ನಡೆದು ದಾಟುವ ಸಣ್ಣ ಸೇತುವೆ. ಮಳೆಗಾಲದಲ್ಲಿ ಆ ಸೀಮೆಯ ಹಳ್ಳತೊರೆಗಳು ಉಕ್ಕಿ ಹರಿಯುವಾಗ ಚಿಕ್ಕ ಮಕ್ಕಳು ಶಾಲೆಗೆ ಹೋಗಲಾರದೆ ಉಳಿದುಬಿಡುತ್ತಿದ್ದರು. ದೊಡ್ಡವರಾದರೋ ಹೇಗೋ ದಾಟಿಕೊಂಡು ಹೋಗುತ್ತಿದ್ದುದರಿಂದ ಅವರಿಗೆ ಅದು ಸಮಸ್ಯೆಯಾಗಿ ಕಂಡಿರಲಿಲ್ಲ. ಮಕ್ಕಳು ಹೇಳಿದ ಮೇಲೆ ಕಾಲುಸಂಕಗಳು ಬಂದವು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿ ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯವನ್ನು ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಆ ವಿಧಿಗೆ ಕುಂದಾಪುರದ ಕಾಲುಸಂಕಕ್ಕಿಂತ ಉತ್ತಮವಾದ ಭಾಷ್ಯವನ್ನು ನಾನು ಕಂಡಿಲ್ಲ. ಇಂದು ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತಿರುವುದಕ್ಕೆ ಇಂಥ ಪ್ರಯೋಗಗಳೇ ದಾರಿಮಾಡಿಕೊಟ್ಟವು.

ಕುಂದಾಪುರದ ಮಕ್ಕಳಿಗೆ ಮಳೆಗಾಲದ ಹಳ್ಳವು ಹೇಗೋ ಹೆಬ್ಬಾಳದ ಮಕ್ಕಳಿಗೆ ಬಳ್ಳಾರಿ ರಸ್ತೆ ಹಾಗೆ. ವ್ಯತ್ಯಾಸವೆಂದರೆ ಇಲ್ಲಿಯ ಪ್ರವಾಹಕ್ಕೆ ಬೇಸಗೆಯಲ್ಲಿಯೂ ಇಳಿತವಿಲ್ಲ. 2003ರಲ್ಲಿ ಮೇಲ್ಸೇತುವೆ ಬಂದಿತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ವಾಹನಗಳಿಗೆ ಹಾದಿ ಅಗಲವಾದಷ್ಟೂ ನಡೆದು ದಾಟುವ ಮಗುವಿಗೆ ಅದು ಅಗಲವಾದ ಹೊಳೆಯೇ ಆಯಿತು. ಎಲ್ಲಿ ದಾಟುವುದು ಕಷ್ಟ, ಯಾವ ಹೊತ್ತಿನಲ್ಲಿ ಕಷ್ಟ, ಯಾವ ಬೀದಿದೀಪ ಉರಿಯುವುದಿಲ್ಲ, ಯಾವ ತಿರುವಿನಲ್ಲಿ ಹೆಣ್ಣುಮಕ್ಕಳು ಗುಂಪುಗೂಡಿಯೇ ನಡೆಯಬೇಕಾಗಿದೆ, ಇವೆಲ್ಲವನ್ನೂ ಆ ಮಕ್ಕಳಷ್ಟು ನಿಖರವಾಗಿ ಬಲ್ಲ ಇಂಜಿನಿಯರು ಯಾರೂ ಇಲ್ಲ. ನಕ್ಷೆ ಬರೆಯುವುದು ಭೂಗೋಳ, ವಾಹನಗಳನ್ನೆಣಿಸುವುದು ಗಣಿತ, ಅರ್ಜಿ ಬರೆಯುವುದು ಕನ್ನಡ, ಅದನ್ನು ಯಾವ ಕಚೇರಿಗೆ ಸಲ್ಲಿಸಬೇಕೆಂದು ತಿಳಿಯುವುದು ಪೌರನೀತಿ. ಆ ಅರ್ಜಿಗೆ ಉತ್ತರ ಬಾರದಿದ್ದಾಗ ಮರಳಿ ಹೋಗುವುದು ಜೀವನ ಕೌಶಲ. ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲರಹಿತ ಅವಧಿಯನ್ನು ಸೂಚಿಸಿದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಚೀಲವಿಲ್ಲದೆ ಬರುವ ಸಂಭ್ರಮ ಶನಿವಾರವೂ ಇದೆ. ಆದುದರಿಂದ ಸಮಯವಿಲ್ಲವೆಂಬ ಮಾತು ಪೂರ್ತಿಯಾಗಿ ಸಲ್ಲದು.

ಹತ್ತಿರದ ಇನ್ನೊಂದು ಸಾಧನವನ್ನೂ ಹೇಳಬೇಕು. ಯಲಹಂಕವನ್ನು ದಾಟಿ ಉತ್ತರಕ್ಕೆ ಹೋದರೆ ದೊಡ್ಡಬಳ್ಳಾಪುರದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ತರಬೇತಿಯ ತಾಣವಿದೆ. ಅದಕ್ಕೆ ಆನಿ ಬೆಸೆಂಟರ ಹೆಸರು. ಭಾರತೀಯ ಮಕ್ಕಳಿಗೆ ಸ್ಕೌಟ್ ಚಳುವಳಿಯಲ್ಲಿ ಪ್ರವೇಶ ದುರ್ಲಭವಾಗಿದ್ದ ಕಾಲದಲ್ಲಿ, 1917ರಲ್ಲಿ, ಆಕೆ ಅವರಿಗಾಗಿ ಪ್ರತ್ಯೇಕ ಸಂಸ್ಥೆಯನ್ನು ಹುಟ್ಟುಹಾಕಿದರು. ಆ ಚಳುವಳಿಯನ್ನು ಆರಂಭಿಸಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮಾಡಿದ ಪ್ರಥಮ ಶಿಬಿರದಲ್ಲಿ ಸಿರಿವಂತರ ಶಾಲೆಯ ಹುಡುಗರನ್ನೂ ಕೂಲಿಕಾರರ ಮಕ್ಕಳನ್ನೂ ಬೆರಸಿ, ನಾಲ್ಕು ತಂಡಗಳಾಗಿ ವಿಂಗಡಿಸಿ, ಒಂದೊಂದು ತಂಡದ ಹೊಣೆಯನ್ನೂ ಒಬ್ಬೊಬ್ಬ ಹುಡುಗನಿಗೇ ವಹಿಸಿದ್ದನು. ಕೆಲವೇ ಮಂದಿಯ ಚಿಕ್ಕ ತಂಡ, ಅದಕ್ಕೊಬ್ಬ ಮಗುವೇ ಮುಂದಾಳು ಎಂಬ ಆ ಏರ್ಪಾಡಿನಲ್ಲಿ ಈ ವಿದ್ಯೆಯ ಗುಟ್ಟಿದೆ. ಐವತ್ತು ಮಂದಿಗೆ ಒಬ್ಬ ಲೀಡರನಾದರೆ ನಾಲ್ವತ್ತೊಂಬತ್ತು ಮಂದಿ ಹಿಂಬಾಲಿಸುವುದನ್ನಷ್ಟೇ ಕಲಿಯುತ್ತಾರೆ. ಮಕ್ಕಳಿಗೇ ಹೊಣೆಯನ್ನು ವಹಿಸಿದ ನಿದರ್ಶನ ನಮ್ಮ ದೇಶದಲ್ಲಿಯೂ ಉಂಟು. ಆರ್.ಟಿ. ನಗರವೆಂದು ನಾವು ಮೊಟಕುಗೊಳಿಸಿ ಕರೆಯುವ ಬಡಾವಣೆಯ ಪೂರ್ಣನಾಮ ರವೀಂದ್ರನಾಥ ಟಾಗೋರ್ ನಗರ. ಆ ಮಹನೀಯರು ಶಾಂತಿನಿಕೇತನದಲ್ಲಿ ಮಕ್ಕಳ ಶಿಸ್ತಿನ ವಿಷಯವನ್ನು ಮಕ್ಕಳ ಸಭೆಗೇ ಒಪ್ಪಿಸಿದ್ದರು; ಶ್ರೀನಿಕೇತನದಲ್ಲಿ ಸುತ್ತಣ ಹಳ್ಳಿಗಳ ಹುಡುಗರನ್ನು ವ್ರತೀ ಬಾಲಕರೆಂಬ ತಂಡಗಳಾಗಿ ಕಟ್ಟಿ ಊರಿನ ಆರೋಗ್ಯದ ಕಾರ್ಯದಲ್ಲಿ ತೊಡಗಿಸಿದ್ದರು. ಅವರ ಹೆಸರನ್ನು ಹೊತ್ತ ಬಡಾವಣೆಯ ಶಾಲೆಗಳಲ್ಲಿ ಈ ಸಂಗತಿಯನ್ನು ವರ್ಷಕ್ಕೊಮ್ಮೆಯಾದರೂ ಹೇಳತಕ್ಕದ್ದು.

ನನ್ನ ಮನಸ್ಸಿಗೆ ಅತ್ಯಂತ ಸಮೀಪವಾದ ಮಾತನ್ನು ಇನ್ನೂ ಹೇಳಿಲ್ಲ. ಯಲಹಂಕದ ಸುತ್ತ ಏಳುತ್ತಿರುವ ಬಹುಮಹಡಿ ಕಟ್ಟಡಗಳಿಗೂ ಯಶವಂತಪುರದ ಮಾರುಕಟ್ಟೆಯ ಅಂಗಳಕ್ಕೂ ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯಿಂದ ದುಡಿಯಲು ಬಂದವರ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳ ಬೆಂಚುಗಳನ್ನು ತುಂಬಿದ್ದಾರೆ. ಇವರಲ್ಲಿ ಹತ್ತು ವರ್ಷದ ಹುಡುಗಿಯು ಬೆಳಗ್ಗೆ ನೀರು ಹಿಡಿದಿಟ್ಟು, ತಮ್ಮನಿಗೆ ಉಣ್ಣಿಸಿ, ಗುಡಿಸಲಿನ ಅಗಣಿ ಹಾಕಿಕೊಂಡು ಶಾಲೆಗೆ ಬರುತ್ತಾಳೆ. ಆಸ್ಪತ್ರೆಯ ಕಿಟಕಿಯ ಮುಂದೆ ತಾಯಿಯ ಮಾತನ್ನು ಬೆಂಗಳೂರಿನ ಕನ್ನಡಕ್ಕೆ ತಿರುಗಿಸಿ ಹೇಳುತ್ತಾಳೆ. ಬ್ಯಾಂಕಿನಲ್ಲಿ ಚೀಟಿ ತುಂಬುತ್ತಾಳೆ. ಬಟವಾಡೆಯ ದಿನ ಅಪ್ಪನ ಕೂಲಿಯ ಲೆಕ್ಕವನ್ನು ಬೆರಳಿನಲ್ಲಿ ಎಣಿಸಿ ತಾಳೆ ನೋಡುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಕೌಶಲಗಳಲ್ಲಿ ಈಕೆಗೆ ಬಾರದ್ದು ಯಾವುದು? ಆದರೆ ತರಗತಿಯಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಾಳೆ. ಅವಳ ಮಾತಿನ ಧಾಟಿಗೆ ಉಳಿದ ಮಕ್ಕಳು ನಗುತ್ತಾರೆ. ಚುನಾವಣೆಗೆ ನಿಲ್ಲೆಂದು ಅವಳಿಗೆ ಯಾರೂ ಹೇಳುವುದಿಲ್ಲ. ಆ ವಯಸ್ಸಿಗೆ ಅಷ್ಟು ಭಾರ ಅನ್ಯಾಯವೇ. ಅದನ್ನು ಇಳಿಸತಕ್ಕ ಹೊಣೆ ಸಮಾಜದ್ದು, ಸರ್ಕಾರದ್ದು. ಆದರೆ ಅವಳು ಗಳಿಸಿಕೊಂಡಿರುವ ವಿದ್ಯೆಯನ್ನು ವಿದ್ಯೆಯೆಂದು ಕಾಣದಿರುವುದು ಎರಡನೆಯ ಅನ್ಯಾಯ, ಮತ್ತು ಅದು ಶಾಲೆಯೊಳಗೇ ನಡೆಯುತ್ತಿದೆ. ಜೀವನ ಕೌಶಲವನ್ನು ಬೋಧಿಸಲು ಹೊರಟ ಉಪಾಧ್ಯಾಯರು ಮೊದಲು ಇಂಥ ಮಕ್ಕಳ ದಿನಚರಿಯನ್ನು ಕೇಳಿ ತಿಳಿಯಬೇಕು. ಆರಂಭ ಅಲ್ಲಿಂದಲೇ ಆಗಬೇಕು.

ಉಪಾಧ್ಯಾಯರ ಹೊರೆಯನ್ನು ನಾನು ಅರಿಯದವನಲ್ಲ. ಗಣತಿಯ ಕೆಲಸ, ಚುನಾವಣೆಯ ಕೆಲಸ, ಹಾಲು ಊಟಗಳ ಲೆಕ್ಕ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಇವೆಲ್ಲದರ ಮೇಲೆ ಮತ್ತೊಂದು ಪಠ್ಯವನ್ನು ಹೇರಬೇಕೆಂದು ನಾನು ಹೇಳುತ್ತಿಲ್ಲ. ಪಠ್ಯವಾಗಲಿ, ಹೆಚ್ಚಿನ ಪೀರಿಯಡ್ ಆಗಲಿ ಬೇಕಾಗಿಲ್ಲ. ಈಗಿರುವ ಶಾಲಾ ಸಂಸತ್ತಿಗೇ ಒಂದೆರಡು ನಿಜವಾದ ಕಾರ್ಯಗಳನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು. ಮಂತ್ರಿಗಳು ಮೂರು ತಿಂಗಳಿಗೊಮ್ಮೆ ಬದಲಾಗಿ ಹಿಂದಿನ ಬೆಂಚಿಗೂ ಸರದಿ ಬರಬೇಕು. ಮಕ್ಕಳು ತಪ್ಪು ಮಾಡಿದಾಗ ಅಧಿಕಾರವನ್ನು ಕಿತ್ತುಕೊಳ್ಳದೆ, ಕೂರಿಸಿ ಕೇಳಬೇಕು. ವರ್ಷಕ್ಕೆ ನಾಲ್ಕೈದು ಪುಸ್ತಕಗಳು ಕಳೆದುಹೋದಾವು. ಕಳೆದುಹೋದ ಪುಸ್ತಕದ ಬೆಲೆಯನ್ನು ಉಪಾಧ್ಯಾಯರ ಸಂಬಳದಿಂದ ಮುರಿಯದೆ, ಸವೆತವೆಂದು ಭಾವಿಸಿ ದಾಸ್ತಾನಿನಿಂದ ತೆಗೆದುಹಾಕಲು ಶಿಕ್ಷಣ ಇಲಾಖೆಯವರು ಒಂದು ಸುತ್ತೋಲೆಯನ್ನು ಹೊರಡಿಸಿದರೆ, ನಾಯಕತ್ವ ಶಿಕ್ಷಣಕ್ಕೆ ಅದು ಹತ್ತು ಶಿಬಿರಗಳಿಗಿಂತ ದೊಡ್ಡ ಉಪಕಾರವಾದೀತು.

ಮುಂದಿನ ಜೂನ್ ತಿಂಗಳಿನಲ್ಲಿ ಮತ್ತೆ ಶಾಲಾ ಸಂಸತ್ತಿನ ಚುನಾವಣೆಗಳು ಬರುತ್ತವೆ. ಈ ಭಾಗದ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿಯೂ ನನ್ನ ವಿಜ್ಞಾಪನ ಇಷ್ಟೆ: ಪ್ರಮಾಣವಚನ ಮುಗಿದ ಮೇಲೆ, ಆ ದಿನವೇ, ಎಲ್ಲ ಮಕ್ಕಳ ಎದುರಿಗೆ, ಗ್ರಂಥಾಲಯದ ಬೀರುವಿನ ಬೀಗದ ಕೈಯನ್ನು ಗ್ರಂಥಾಲಯ ಮಂತ್ರಿಯ ಕೈಗೆ ಕೊಡಿ.